ವಾರ್ತೆಯ ಹೊಣೆ

2024ನೆಯ ಇಸವಿ ಆಗಸ್ಟ್ 10ರ ಶನಿವಾರ, ರಾತ್ರಿ ಬಹಳ ಹೊತ್ತು ಕಳೆದ ಮೇಲೆ, ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು, ಅದನ್ನು ಎತ್ತಿ ಇಳಿಸುವ ಸರಪಳಿ ತುಂಡಾದ ಕಾರಣ, ನೀರಿನ ರಭಸಕ್ಕೆ ಸಿಕ್ಕಿ ಕೊಚ್ಚಿಹೋಯಿತು. ಮಳೆಗಾಲದ ನಡುವೆ ಜಲಾಶಯ ತುಂಬಿ ನಿಂತಿದ್ದ ಸಮಯ. ಅಣೆಕಟ್ಟಿನ ಮೇಲಣ ಒತ್ತಡವನ್ನು ತಗ್ಗಿಸುವುದಕ್ಕಾಗಿ ಬೇರೆ ಗೇಟುಗಳನ್ನೂ ತೆರೆದು ನದಿಗೆ ನೀರು ಬಿಡದೆ ಗತ್ಯಂತರವಿರಲಿಲ್ಲ. ಕೊಪ್ಪಳ, ವಿಜಯನಗರ, ಬಳ್ಳಾರಿ, ರಾಯಚೂರು ಜಿಲ್ಲೆಗಳಲ್ಲಿ ಹೊಳೆಯ ದಂಡೆಯ ಮೇಲೆ ಮನೆ, ಪಂಪುಸೆಟ್ಟು, ದನಕರು ಇಟ್ಟುಕೊಂಡವರಿಗೆ ಆ ವಾರ್ತೆ ತಲುಪಬೇಕಾಗಿದ್ದುದು ಆ ರಾತ್ರಿಯೇ. ಮರುದಿನ ಬೆಳಗ್ಗೆ ಅವರ ಬಾಗಿಲಿಗೆ ಬರತಕ್ಕ ಪತ್ರಿಕೆಗಳ ಬಹುಪಾಲು ಪುಟಗಳು ಅಷ್ಟು ಹೊತ್ತಿಗಾಗಲೇ ಸಿದ್ಧವಾಗಿ ಅಚ್ಚಿನ ಯಂತ್ರವನ್ನು ಏರಿದ್ದವು. ಆದುದರಿಂದ ಜನ ಆ ಸುದ್ದಿಯನ್ನು ಅರಿತದ್ದು ಮೊಬೈಲಿನಲ್ಲಿ, ಟಿವಿ ವಾಹಿನಿಗಳಲ್ಲಿ, ನೆಂಟರಿಷ್ಟರು ಮಾಡಿದ ಕರೆಗಳಲ್ಲಿ. ಅಂಥ ರಾತ್ರಿಯಲ್ಲಿ ಮುದ್ರಿತ ಪತ್ರಿಕೆ ಮಾಡಬಹುದಾದದ್ದು ಏನೂ ಇರಲಿಲ್ಲವೆಂಬುದನ್ನು ಪತ್ರಿಕೆಯ ಅಭಿಮಾನಿಗಳೂ ಒಪ್ಪಬೇಕು.

ಆದರೆ ಎರಡು ಮೂರು ದಿನ ಕಳೆಯುವಷ್ಟರಲ್ಲಿ ಜನರ ಮನಸ್ಸಿನಲ್ಲಿದ್ದ ಪ್ರಶ್ನೆಗಳ ಸ್ವರೂಪವೇ ಬೇರೆಯಾಗಿತ್ತು. 1953ರಿಂದ ನೀರನ್ನು ತಡೆದು ನಿಲ್ಲಿಸಿರುವ ಆ ಅಣೆಕಟ್ಟಿನ ಗೇಟುಗಳನ್ನೂ ಸರಪಳಿಗಳನ್ನೂ ಯಾರು ಪರೀಕ್ಷಿಸಬೇಕು, ಎಷ್ಟು ಕಾಲಕ್ಕೊಮ್ಮೆ ಬದಲಾಯಿಸಬೇಕು. ಕರ್ನಾಟಕದ ಜೊತೆಗೆ ಆಂಧ್ರಪ್ರದೇಶವೂ ತೆಲಂಗಾಣವೂ ಸಂಬಂಧಪಟ್ಟಿರುವ ತುಂಗಭದ್ರಾ ಮಂಡಳಿಯಲ್ಲಿ ಯಾರ ಕರ್ತವ್ಯ ಎಲ್ಲಿಗೆ ಮುಗಿದು ಯಾರದು ಎಲ್ಲಿಂದ ಆರಂಭವಾಗುತ್ತದೆ. ವ್ಯರ್ಥವಾಗಿ ಹರಿದುಹೋಗುತ್ತಿರುವ ನೀರಿನಿಂದಾಗಿ ಕಾಲುವೆಯ ಕೊನೆಯ ರೈತನ ಎರಡನೆಯ ಬೆಳೆಗೆ ಏನು ಗತಿ. ಹರಿಯುವ ನೀರಿನೊಳಕ್ಕೇ ಉಕ್ಕಿನ ತಡೆಗಳನ್ನು ಒಂದರ ಮೇಲೊಂದರಂತೆ ಇಳಿಸುವ 'ಸ್ಟಾಪ್‌ಲಾಗ್' ಎಂಬ ಉಪಾಯ ಹೇಗೆ ಕೆಲಸಮಾಡುತ್ತದೆ — ಇವೆಲ್ಲ ಕ್ಷಣಮಾತ್ರದಲ್ಲಿ ಹೇಳಿ ಮುಗಿಸುವ ವಿಷಯಗಳಲ್ಲ. ಗೇಟುಗಳ ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಒಂದು ವಾರದೊಳಗಾಗಿ ಆ ತಡೆ ಕೂಡಿಬಂದಿತು, ನೀರು ನಿಂತಿತು. ಆ ಒಂದು ವಾರದ ವೃತ್ತಾಂತವನ್ನು ಅರ್ಥಮಾಡಿಕೊಳ್ಳಬೇಕೆಂದವನಿಗೆ ನಕ್ಷೆ ಬೇಕಾಗಿತ್ತು, ಹಿನ್ನೆಲೆ ಬೇಕಾಗಿತ್ತು, ಸ್ಥಳದಲ್ಲಿ ನಿಂತು ಇಂಜಿನಿಯರುಗಳನ್ನೂ ರೈತರನ್ನೂ ಮಾತನಾಡಿಸಿ ಬರೆದ ವರದಿ ಬೇಕಾಗಿತ್ತು. ಒಂದೇ ಘಟನೆ ಮೊದಲ ರಾತ್ರಿ ಎಚ್ಚರಿಕೆಯ ವಿಷಯವಾಗಿತ್ತು. ಮೂರನೆಯ ದಿನಕ್ಕೆ ವಿಚಾರದ ವಿಷಯವಾಯಿತು.

ದಿನದಿನದ ವಾರ್ತೆಗೆ ಪತ್ರಿಕೆಯನ್ನು ತರಿಸುವುದೇ ಮೊಬೈಲನ್ನು ನಂಬುವುದೇ ಎಂಬ ಪ್ರಶ್ನೆ ಇಂದು ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ತಿಂಗಳ ಮೊದಲ ವಾರದಲ್ಲಿ, ಪೇಪರಿನ ಬಿಲ್ಲು ಕೈಗೆ ಬಂದಾಗ, ತಪ್ಪದೆ ಏಳುತ್ತದೆ. 2020ರಲ್ಲಿ ಕೊರೋನಾ ಕಾಲದ ಭೀತಿಯಲ್ಲಿ, ಕಾಗದದ ಮೂಲಕ ರೋಗ ಅಂಟಬಹುದೆಂಬ ಶಂಕೆಯಿಂದ ಪತ್ರಿಕೆಯನ್ನು ನಿಲ್ಲಿಸಿದ ಅನೇಕ ಮನೆಗಳು ಅದನ್ನು ಮತ್ತೆ ತರಿಸಲೇ ಇಲ್ಲ. ಮನೆಯ ಹಿರಿಯರು ಪತ್ರಿಕೆಯಿಲ್ಲದೆ ಕಾಫಿ ರುಚಿಸದೆಂದು ಹೇಳುತ್ತಾರೆ. ಮಕ್ಕಳು, ನಿನ್ನೆ ಸಂಜೆಯೇ ತಿಳಿದುಹೋದ ಸುದ್ದಿಗೆ ಇಂದು ಹಣ ಕೊಡುವುದೇಕೆಂದು ಕೇಳುತ್ತಾರೆ. ಈ ವಾದವು ಬಹುಮಟ್ಟಿಗೆ ಕಾಗದವೋ ಗಾಜಿನ ತೆರೆಯೋ ಎಂಬ ರೂಪವನ್ನು ತಾಳುವುದರಿಂದ ಎಲ್ಲಿಗೂ ಮುಟ್ಟುವುದಿಲ್ಲ. ನನ್ನ ಮಟ್ಟಿಗೆ, ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ನಾನು ಓದುತ್ತಿರುವ ಈ ವಾರ್ತೆಗೆ ಹೊಣೆ ಯಾರು? ಯಾರು ಇದನ್ನು ಆರಿಸಿದರು, ಯಾರು ಪರೀಕ್ಷಿಸಿದರು, ತಪ್ಪಾಗಿದ್ದರೆ ಯಾರನ್ನು ಕೇಳಬೇಕು?

ಮುದ್ರಿತ ಪತ್ರಿಕೆಯಲ್ಲಿ ಈ ಪ್ರಶ್ನೆಗೆ ಉತ್ತರವು ಎಲ್ಲರ ಕಣ್ಣಿಗೂ ಬೀಳುವಂತೆ, ಆದರೆ ಪ್ರಾಯಶಃ ಯಾರೂ ಓದದಂತೆ, ಕೊನೆಯ ಪುಟದ ಅಥವಾ ಯಾವುದಾದರೊಂದು ಒಳಪುಟದ ಅಡಿಯಲ್ಲಿ, ಅತಿ ಸಣ್ಣ ಅಕ್ಷರಗಳಲ್ಲಿ ಇರುತ್ತದೆ: ಮುದ್ರಕರ ಹೆಸರು, ಪ್ರಕಾಶಕರ ಹೆಸರು, ಅಚ್ಚಾದ ಸ್ಥಳ, ಸಂಪಾದಕರ ಹೆಸರು. ಹೀಗೆ ಅಚ್ಚುಹಾಕಬೇಕೆಂಬ ಕಟ್ಟಳೆ 1867ರ ಪತ್ರಿಕಾ ಮತ್ತು ಪುಸ್ತಕ ನೋಂದಣಿ ಕಾಯ್ದೆಯಷ್ಟು ಹಳೆಯದು. ಅದರ ಸ್ಥಾನದಲ್ಲಿ ಈಗ, 2024ರ ಮಾರ್ಚ್ 1ರಿಂದ, ಹೊಸ ಕಾಯ್ದೆ ಜಾರಿಯಲ್ಲಿದೆ. ಆ ಹಳೆಯ ಕಾನೂನು ಸಂಪಾದಕನೆಂದರೆ ಯಾರೆಂಬುದನ್ನು ಹೇಳುವಾಗ, ಬರೆಯುವವನೆಂದಾಗಲಿ ಒಡೆಯನೆಂದಾಗಲಿ ಹೇಳದೆ, ಪತ್ರಿಕೆಯಲ್ಲಿ ಪ್ರಕಟವಾಗತಕ್ಕ ವಿಷಯಗಳ ಆಯ್ಕೆಯನ್ನು ನಿಯಂತ್ರಿಸುವವನೆಂದು ಹೇಳಿತ್ತು. ಕೆಲವು ಪತ್ರಿಕೆಗಳಲ್ಲಿ ಸಂಪಾದಕರ ಹೆಸರಿನ ಮಗ್ಗುಲಿಗೆ, ಸುದ್ದಿಗಳ ಆಯ್ಕೆಗೆ ಕಾಯ್ದೆಯ ಮೇರೆಗೆ ಇವರೇ ಜವಾಬ್ದಾರರು ಎಂಬರ್ಥದ ಒಕ್ಕಣೆಯನ್ನು ಇಂದಿಗೂ ಕಾಣಬಹುದು. ದಿನವೂ ಲಕ್ಷಾಂತರ ಪ್ರತಿಗಳಲ್ಲಿ ಅಚ್ಚಾಗುವ ಆ ಒಂದು ಸಾಲು, ಓದುಗನಿಗೆ ಪತ್ರಿಕೆ ಬರೆದುಕೊಡುವ ಮುಚ್ಚಳಿಕೆಯೇ ಸರಿ.

ಕನ್ನಡದಲ್ಲಿ ಈ ಹೊಣೆಗಾರಿಕೆಯ ಪರಂಪರೆ ಚಿಕ್ಕದಲ್ಲ. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರು ಮಂಗಳೂರಿನಲ್ಲಿ ಕಲ್ಲಚ್ಚಿನ ಮೇಲೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದಾಗ ಅದು ಹದಿನೈದು ದಿನಗಳಿಗೊಮ್ಮೆ ಬರುವ ಪುಟ್ಟ ಪತ್ರಿಕೆಯಾಗಿತ್ತು. ಊರಿನ ವರ್ತಮಾನ, ಸರ್ಕಾರದ ನಿರೂಪ, ಪರಸ್ಥಳಗಳ ಸುದ್ದಿ ಅದರಲ್ಲಿರುತ್ತಿದ್ದವು. ಆ ದಿನವನ್ನೇ ನಾವು ಪತ್ರಿಕಾ ದಿನವೆಂದು ಆಚರಿಸುತ್ತಿದ್ದೇವೆ. 1908ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ಪತ್ರಿಕೆಗಳ ಬಾಯಿಕಟ್ಟುವ ಶಾಸನವನ್ನು ತಂದಾಗ, ತಾತಯ್ಯನೆಂದು ಜನರಿಂದ ಕರೆಸಿಕೊಂಡ ಎಂ. ವೆಂಕಟಕೃಷ್ಣಯ್ಯನವರು, ಆ ಷರತ್ತುಗಳಿಗೆ ತಲೆಬಾಗಿ ಪತ್ರಿಕೆ ನಡೆಸುವುದಕ್ಕಿಂತ ನಿಲ್ಲಿಸುವುದೇ ಲೇಸೆಂದು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ತರುವಾಯದ ಪೀಳಿಗೆಯಲ್ಲಿ ಡಿ. ವಿ. ಗುಂಡಪ್ಪನವರು ಈ ವೃತ್ತಿಯ ಧರ್ಮವನ್ನೇ ವಿಷಯವಾಗಿ ಮಾಡಿಕೊಂಡು 'ವೃತ್ತಪತ್ರಿಕೆ' ಎಂಬ ಪುಸ್ತಕವನ್ನು ಬರೆದರು. 1975ರ ತುರ್ತುಪರಿಸ್ಥಿತಿಯ ಕಾಲದಲ್ಲಿ ದೇಶದ ಪತ್ರಿಕೆಗಳ ಮೇಲೆ ಮುನ್ನಿರ್ಬಂಧ ಬಿದ್ದುದನ್ನು ಕಂಡ ಓದುಗರು ಇನ್ನೂ ನಮ್ಮ ನಡುವೆ ಇದ್ದಾರೆ. ಹೆಸರು ಹಾಕಿ ಹೊಣೆ ಹೊತ್ತವನನ್ನು ಅಧಿಕಾರವು ದಂಡಿಸಬಲ್ಲುದು, ನಿಜ. ಆದರೆ ಅವನನ್ನು ಓದುಗನೂ ಪ್ರಶ್ನಿಸಬಲ್ಲನು. ಹೆಸರಿಲ್ಲದವನ ಮಾತನ್ನು ಪ್ರಶ್ನಿಸುವ ದಾರಿ ಯಾರಿಗೂ ಇಲ್ಲ.

ಈಗ, ಪತ್ರಿಕೆಯ ಕಚೇರಿಯಲ್ಲಿ ರಾತ್ರಿ ಏನು ನಡೆಯುತ್ತದೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಓದುಗರಲ್ಲಿ ಹೆಚ್ಚಿನವರು ವರದಿಗಾರನನ್ನು ಬಲ್ಲರೇ ಹೊರತು ಡೆಸ್ಕಿನಲ್ಲಿ ಕುಳಿತ ಉಪಸಂಪಾದಕನನ್ನು ಬಲ್ಲವರಲ್ಲ. ತಾಲ್ಲೂಕುಗಳ ಬಾತ್ಮೀದಾರರಿಂದ, ಜಿಲ್ಲಾ ಕಚೇರಿಗಳಿಂದ, ಪಿಟಿಐ ಮೊದಲಾದ ಸುದ್ದಿಸಂಸ್ಥೆಗಳಿಂದ, ಸರ್ಕಾರದ ವಾರ್ತಾ ಇಲಾಖೆಯಿಂದ ಬಂದು ಬೀಳುವ ಸುದ್ದಿಗಳ ರಾಶಿಯಲ್ಲಿ ಅಚ್ಚಾಗುವುದು ಒಂದು ಸಣ್ಣ ಪಾಲು ಮಾತ್ರ. ಮಿಕ್ಕದ್ದು ಮೇಜಿನ ಮೇಲೆಯೇ ಉಳಿಯುತ್ತದೆ. ಉಪಸಂಪಾದಕನು ಒಂದೊಂದನ್ನೂ ಓದಿ, ಇದು ಸುದ್ದಿಯೇ ಪ್ರಚಾರವೇ ಎಂದು ತೂಗಿ, ಊರಿನ ಹೆಸರು ಸರಿಯಾಗಿದೆಯೇ, ಸತ್ತವರ ಸಂಖ್ಯೆಯಲ್ಲಿ ಎರಡು ವರದಿಗಳಿಗೂ ಹೊಂದಿಕೆಯಿದೆಯೇ, ಆರೋಪಕ್ಕೆ ಗುರಿಯಾದವನ ಮಾತನ್ನು ಕೇಳಲಾಗಿದೆಯೇ ಎಂದು ನೋಡಿ, ಅನುಮಾನ ಬಂದಲ್ಲಿ ವರದಿಗಾರನಿಗೆ ಫೋನು ಮಾಡಿ, ಉದ್ದವನ್ನು ಕತ್ತರಿಸಿ, ಶೀರ್ಷಿಕೆ ಕೊಟ್ಟು, ಪುಟದಲ್ಲಿ ಸ್ಥಾನವನ್ನು ನಿಗದಿಮಾಡಬೇಕು. ಈ ಸ್ಥಾನನಿರ್ಣಯವೇ ಒಂದು ತೀರ್ಪು. ಮುಖಪುಟದ ನೆತ್ತಿಯಲ್ಲಿ ನಾಲ್ಕು ಕಾಲಂ ಅಗಲಕ್ಕೆ ಹರಡಿದ ತಲೆಬರಹ ಒಂದು ಮಾತನ್ನು ಹೇಳುತ್ತದೆ. ಏಳನೆಯ ಪುಟದ ಬಲತುದಿಯ ಒಂದು ಕಾಲಂ ಕಿರುಸುದ್ದಿ ಇನ್ನೊಂದನ್ನು ಹೇಳುತ್ತದೆ. ಅಕ್ಷರಗಳನ್ನು ಓದುವ ಮೊದಲೇ, ಪುಟವನ್ನು ಬಿಡಿಸಿದೊಡನೆ, ನಿನ್ನೆಯ ದಿನ ಲೋಕದಲ್ಲಿ ಯಾವುದು ದೊಡ್ಡದು ಯಾವುದು ಸಣ್ಣದು ಎಂಬ ಒಂದು ಚಿತ್ರ ನಮ್ಮ ಮನಸ್ಸಿನಲ್ಲಿ ಮೂಡಿರುತ್ತದೆ. ಆ ಚಿತ್ರವನ್ನು ನಾವು ಒಪ್ಪದಿರಬಹುದು. ಸಂಪಾದಕನ ದೃಷ್ಟಿ ವಕ್ರವಾಗಿದೆಯೆಂದು ಪತ್ರ ಬರೆಯಬಹುದು. ಆದರೆ ಒಪ್ಪುವುದಕ್ಕೋ ಜಗಳವಾಡುವುದಕ್ಕೋ ಅಲ್ಲೊಂದು ಚಿತ್ರವಂತೂ ಇರುತ್ತದೆ.

ಮೊಬೈಲಿನಲ್ಲಿ ಹಾಗಲ್ಲ. ಅಲ್ಲಿ ಬಜೆಟ್ಟಿನ ವಿವರವೂ ಸಿನಿಮಾ ನಟಿಯ ಮದುವೆಯೂ ಗಡಿಯಲ್ಲಿನ ಗುಂಡಿನ ಕಾಳಗವೂ ಬೆರಳಗಲದ ಒಂದೇ ಅಳತೆಯ ಚೌಕಗಳಲ್ಲಿ ಒಂದರ ಕೆಳಗೊಂದು ಸರಿದುಹೋಗುತ್ತವೆ. ಅವುಗಳ ಅನುಕ್ರಮವನ್ನು ನಿರ್ಣಯಿಸುವುದು ವಿಷಯದ ಗೌರವವಲ್ಲ, ನಾವು ನಿನ್ನೆ ಯಾವುದನ್ನು ಒತ್ತಿದೆವು, ಯಾವುದರ ಮೇಲೆ ಎಷ್ಟು ಹೊತ್ತು ನಿಂತೆವು ಎಂಬ ಲೆಕ್ಕ. ಆ ಲೆಕ್ಕವನ್ನು ಇಡುವ ಯಂತ್ರಕ್ಕೆ ನಮ್ಮ ಕುತೂಹಲ ಗೊತ್ತು, ನಮ್ಮ ಹಿತ ಗೊತ್ತಿಲ್ಲ. ಒಂದೇ ಮನೆಯ ಒಂದೇ ಸೋಫಾದ ಮೇಲೆ ಕುಳಿತ ಗಂಡಹೆಂಡಿರ ಕೈಯಲ್ಲಿ ಎರಡು ಬೇರೆ ಬೇರೆ ಜಗತ್ತುಗಳು ತೆರೆದುಕೊಂಡಿರುವುದು ಈಗ ಸಾಮಾನ್ಯ. ಹಿಂದೆ ಹೋಟೆಲಿನಲ್ಲಿಯೂ ಕ್ಷೌರದಂಗಡಿಯಲ್ಲಿಯೂ ಒಂದೇ ಪ್ರತಿಯನ್ನು ಹಾಳೆ ಹಾಳೆಯಾಗಿ ಹಂಚಿಕೊಂಡು ಓದಿದ ಹತ್ತು ಮಂದಿ, ಪರಸ್ಪರ ವಿರುದ್ಧ ಪಕ್ಷದವರಾಗಿದ್ದರೂ, ಒಂದೇ ವಾರ್ತೆಯನ್ನು ಕುರಿತು ವಾದಿಸುತ್ತಿದ್ದರು. ವಾದಕ್ಕೆ ಸಮಾನವಾದ ನೆಲವಿತ್ತು. ಇಂದು ಆ ನೆಲವೇ ಕುಸಿಯುತ್ತಿರುವುದು, ನನ್ನ ಎಣಿಕೆಯಲ್ಲಿ, ಪತ್ರಿಕೆಗಳ ಪ್ರಸಾರಸಂಖ್ಯೆ ಇಳಿಯುವುದಕ್ಕಿಂತ ಬಹಳ ದೊಡ್ಡ ನಷ್ಟ.

ಆದಕಾರಣ ಪತ್ರಿಕೆಯನ್ನು ಬಿಟ್ಟು ಮೊಬೈಲನ್ನು ಮಾತ್ರ ಆಶ್ರಯಿಸಿದವನು, ತನಗೆ ತಿಳಿಯದಂತೆಯೇ, ಉಪಸಂಪಾದಕನ ಕೆಲಸವನ್ನು ತನ್ನ ತಲೆಗೆ ಕಟ್ಟಿಕೊಂಡಿರುತ್ತಾನೆ. ಆರಿಸುವುದು, ತೂಗುವುದು, ಪರೀಕ್ಷಿಸುವುದು, ಎಸೆಯುವುದು — ಎಲ್ಲವೂ ಇನ್ನು ಅವನ ಪಾಲು. ಇದನ್ನು ಮಾಡಲಾರದವನಿಲ್ಲ, ಆದರೆ ಸಂಬಳ ಪಡೆದು, ತರಬೇತಿ ಹೊಂದಿ, ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡುವಂಥ ಏರ್ಪಾಟಿನಲ್ಲಿ ಹಲವರು ಸೇರಿ ಒಂದು ರಾತ್ರಿಯೆಲ್ಲ ಮಾಡುವ ಕೆಲಸವನ್ನು, ಬಸ್ಸಿನಲ್ಲಿ ನಿಂತುಕೊಂಡು, ಮಗುವಿಗೆ ಊಟಮಾಡಿಸುತ್ತ, ಕಚೇರಿಯ ವಿರಾಮದಲ್ಲಿ ಒಬ್ಬನೇ ಮಾಡಬೇಕೆಂಬುದು ಕಠಿನವಾದ ಬೇಡಿಕೆ. ಎಷ್ಟು ಜನ ಅದನ್ನು ಅರಿತು ಒಪ್ಪಿಕೊಂಡಿದ್ದಾರೆ?

ಈ ಪರೀಕ್ಷೆ ನಡೆಯದೆ ಹೋದಾಗ ಆಗುವ ಅನರ್ಥವನ್ನು ನಮ್ಮ ನಾಡು ಕಣ್ಣಾರೆ ಕಂಡಿದೆ. 2012ರ ಆಗಸ್ಟಿನಲ್ಲಿ, ಅಸ್ಸಾಮಿನ ಗಲಭೆಗಳ ಹಿನ್ನೆಲೆಯಲ್ಲಿ, ಬೆಂಗಳೂರಿನಲ್ಲಿ ನೆಲೆಸಿದ್ದ ಈಶಾನ್ಯ ರಾಜ್ಯಗಳ ಜನರ ಮೇಲೆ ದಾಳಿ ನಡೆಯಲಿದೆಯೆಂಬ ವದಂತಿ ಎಸ್ಸೆಮ್ಮೆಸ್ಸುಗಳ ಮೂಲಕ ಹಬ್ಬಿ, ಸೆಕ್ಯೂರಿಟಿ ಕಾವಲುಗಾರರು, ಹೋಟೆಲು ಕೆಲಸಗಾರರು, ವಿದ್ಯಾರ್ಥಿಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಗಂಟುಮೂಟೆ ಕಟ್ಟಿಕೊಂಡು ನಗರದ ರೈಲು ನಿಲ್ದಾಣದಲ್ಲಿ ನೆರೆದರು. ಗುವಾಹಟಿಯ ಕಡೆಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಒಬ್ಬರು ಒಮ್ಮೆಗೆ ಐದಕ್ಕಿಂತ ಹೆಚ್ಚು ಸಂದೇಶಗಳನ್ನು ಕಳುಹಿಸದಂತೆ ಕೇಂದ್ರ ಸರ್ಕಾರ 15 ದಿನಗಳ ನಿರ್ಬಂಧವನ್ನು ವಿಧಿಸಿತು. ಅದಾದ ಆರು ವರ್ಷಗಳ ಮೇಲೆ, ಆ ವೇಳೆಗೆ ಎಸ್ಸೆಮ್ಮೆಸ್ಸಿನ ಜಾಗಕ್ಕೆ ವಾಟ್ಸಾಪ್ ಬಂದಿತ್ತು, ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ದೇಶದ ಹಲವು ರಾಜ್ಯಗಳಲ್ಲಿ ಪ್ರಾಣಗಳನ್ನು ತೆಗೆದುಕೊಂಡಿತು. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಸ್ನೇಹಿತರ ಒಂದು ತಂಡದ ಮೇಲೆ ಜನ ಮುಗಿಬಿದ್ದರು. ಅವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟಿದ್ದರು, ಅಷ್ಟೇ. ಅವರ ಕಾರು ಆ ಊರನ್ನು ಮುಟ್ಟುವ ಮೊದಲೇ ಅವರು ಕಳ್ಳರೆಂಬ ಸಂದೇಶ ಅಲ್ಲಿ ತಲುಪಿಯಾಗಿತ್ತು. ಸಾಫ್ಟ್‌ವೇರ್ ಇಂಜಿನಿಯರನಾಗಿದ್ದ ಒಬ್ಬ ಯುವಕ ಸತ್ತನು. ಆ ಸಂದೇಶಕ್ಕೆ ಮುದ್ರಕನಿರಲಿಲ್ಲ, ಪ್ರಕಾಶಕನಿರಲಿಲ್ಲ, ಆಯ್ಕೆಗೆ ಹೊಣೆಯಾದ ಸಂಪಾದಕನಿರಲಿಲ್ಲ.

ಆ ದಿನಗಳಲ್ಲಿಯೇ ನಡೆದ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳದಿರಲಾರೆ. ವಾಟ್ಸಾಪ್ ಸಂಸ್ಥೆ, ತನ್ನ ಮೂಲಕ ಹರಡುವ ಸುಳ್ಳನ್ನು ಗುರುತಿಸುವುದು ಹೇಗೆಂದು ಜನರಿಗೆ ತಿಳಿಸಬೇಕಾಗಿ ಬಂದಾಗ, 2018ರ ಜುಲೈ ತಿಂಗಳಲ್ಲಿ ಭಾರತದ ಮುದ್ರಿತ ಪತ್ರಿಕೆಗಳಲ್ಲಿ ಪೂರ್ಣ ಪುಟದ ಜಾಹೀರಾತನ್ನು ಕೊಟ್ಟಿತು. ಜನ ನಂಬಿ ಓದುವ ಸ್ಥಳ ಯಾವುದೆಂದು ಅದಕ್ಕೂ ಗೊತ್ತಿತ್ತು. ಒಂದು ಸಂದೇಶವನ್ನು ಐದಕ್ಕಿಂತ ಹೆಚ್ಚು ಕಡೆಗೆ ಒಮ್ಮೆಲೆ ದಾಟಿಸಲಾಗದಂತೆ ಅದು ಮಿತಿಯನ್ನೂ ತಂದಿತು. 2020ರಲ್ಲಿ, ಹಲವು ಕೈ ಬದಲಾಯಿಸಿದ ಸಂದೇಶಗಳಿಗೆ ಆ ಮಿತಿಯನ್ನು ಒಂದಕ್ಕೆ ಇಳಿಸಿತು. ಸಂದೇಶದ ನೆತ್ತಿಯ ಮೇಲೆ ಜೋಡಿ ಬಾಣದ ಗುರುತು ಕಂಡರೆ, ಅದು ಬಹಳ ಕೈಗಳನ್ನು ದಾಟಿ ಬಂದದ್ದು ಎಂದರ್ಥ; ಎಷ್ಟು ಕೈ ದಾಟಿದೆಯೋ ಅಷ್ಟು ಸತ್ಯವೆಂದು ಭಾವಿಸುವವರು ನಮ್ಮಲ್ಲಿ ಇನ್ನೂ ಇರುವುದರಿಂದ ಇದನ್ನು ಮನೆಯ ಹಿರಿಯರಿಗೆ ತೋರಿಸಿಕೊಡುವುದು ಒಳ್ಳೆಯದು.

ಹಾಗೆಂದು ಮೊಬೈಲಿನ ಮೂಲಕ ಬರುವುದನ್ನೆಲ್ಲ ಒಂದೇ ಬುಟ್ಟಿಗೆ ಹಾಕುವುದು ಅನ್ಯಾಯ. ಮುದ್ರಿತ ಪತ್ರಿಕೆಯ ಪುಟಗಳನ್ನು ಯಥಾವತ್ತಾಗಿ ತೋರಿಸುವ ಇ-ಪೇಪರು ಒಂದು ಬಗೆ. ಅದೇ ಸಂಸ್ಥೆಯ ಜಾಲತಾಣ, ಗಂಟೆಗಂಟೆಗೂ ಹೊಸ ಸುದ್ದಿ ಸೇರುತ್ತ ಹೋಗುವಂಥದು, ಇನ್ನೊಂದು ಬಗೆ. ಕಾಗದವನ್ನೇ ಕಾಣದೆ ಜಾಲದಲ್ಲಿ ಮಾತ್ರ ನಡೆಯುತ್ತಿರುವ, ತಮ್ಮದೇ ವರದಿಗಾರರುಳ್ಳ ಸುದ್ದಿತಾಣಗಳು ಮೂರನೆಯ ಬಗೆ. ಯೂಟ್ಯೂಬಿನಲ್ಲಿ ಒಬ್ಬರೇ ಕುಳಿತು ಹೇಳುವ ವ್ಯಾಖ್ಯಾನ, ಫೇಸ್‌ಬುಕ್ಕಿನ ಬರಹ, ವಾಟ್ಸಾಪಿನ ಫಾರ್ವರ್ಡು ಇವೆಲ್ಲ ಬೇರೆಯೇ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಜಾಲದ ಸುದ್ದಿಸಂಸ್ಥೆಗಳು ದೂರುಗಳನ್ನು ವಿಚಾರಿಸುವ ಅಧಿಕಾರಿಯೊಬ್ಬರ ಹೆಸರನ್ನೂ ಸಂಪರ್ಕವಿವರವನ್ನೂ ಪ್ರಕಟಿಸಬೇಕು. ಆದುದರಿಂದ ಹೊಸದೊಂದು ತಾಣವನ್ನು ನಂಬುವ ಮೊದಲು ಅದರ ಪುಟದ ತಳಕ್ಕೆ ಇಳಿದು, ಆ ಹೆಸರು, ಕಚೇರಿಯ ವಿಳಾಸ, ನಡೆಸುವವರಾರೆಂಬ ವಿವರ ಇದೆಯೇ ಎಂದು ನೋಡಲು ಅರ್ಧ ನಿಮಿಷ ಸಾಕು. ಇದ್ದಮಾತ್ರಕ್ಕೆ ಅದು ಸತ್ಯವಂತವೆಂದಲ್ಲ. ಇಲ್ಲದಿದ್ದರೆ ಮುಂದೆ ಓದುವ ಅಗತ್ಯವಿಲ್ಲ.

ಡಿಜಿಟಲ್ ಮೂಲಗಳು ಪತ್ರಿಕೆಯನ್ನು ನಿಸ್ಸಂದೇಹವಾಗಿ ಮೀರಿಸಿರುವ ಕ್ಷೇತ್ರಗಳೂ ಇವೆ. ಶಿವಮೊಗ್ಗ, ಶಿರಸಿ, ಸಾಗರಗಳ ಅಡಿಕೆ ಬೆಳೆಗಾರನನ್ನು ನೋಡಿ. ಪತ್ರಿಕೆಯ 'ಪೇಟೆ ಧಾರಣೆ'ಯ ಮೂಲೆಯಲ್ಲಿ ರಾಶಿ, ಬೆಟ್ಟೆ, ಗೊರಬಲು, ಸರಕು, ಚಾಲಿ ಎಂದು ಬಗೆಬಗೆಗೂ ಕನಿಷ್ಠ ಗರಿಷ್ಠ ದರಗಳನ್ನು ಸಣ್ಣ ಅಕ್ಷರಗಳಲ್ಲಿ ಅವನು ಪೀಳಿಗೆಗಳಿಂದ ಓದಿಕೊಂಡು ಬಂದಿದ್ದಾನೆ. ಆದರೆ ಅದು ನಿನ್ನೆಯ ದರ. ಮೂಟೆಗಳನ್ನು ಇಂದು ಗಾಡಿಗೆ ಹೇರಬೇಕೇ ನಾಲ್ಕು ದಿನ ತಡೆಯಬೇಕೇ ಎಂದು ನಿರ್ಧರಿಸಬೇಕಾದವನಿಗೆ, ಮಧ್ಯಾಹ್ನದ ಟೆಂಡರು ಮುಗಿದೊಡನೆ ಮೊಬೈಲಿಗೆ ಬಂದು ಸೇರುವ ದರವೇ ಉಪಯುಕ್ತ. ಕೃಷ್ಣರಾಜಸಾಗರದ ನೀರಿನ ಮಟ್ಟವೂ ಹಾಗೆಯೇ: 124.80 ಅಡಿಯ ಪೂರ್ಣಮಟ್ಟಕ್ಕೆ ಎಷ್ಟು ಕೊರತೆ, ಒಳಹರಿವೆಷ್ಟು ಹೊರಹರಿವೆಷ್ಟು ಎಂದು ಪತ್ರಿಕೆಯಲ್ಲಿ ದಿನಕ್ಕೊಮ್ಮೆ ನೋಡುವುದು ಮಂಡ್ಯದ ರೈತನಿಗೆ ಸಾಮಾನ್ಯ ದಿನಗಳಲ್ಲಿ ಸಾಕು. ಹೊಳೆ ಏರುತ್ತಿರುವ ದಿನ ಸಾಲದು. ಪರಊರಿನಲ್ಲಿರುವ ಕನ್ನಡಿಗನಿಗಂತೂ ಇದು ವರವಾಗಿ ಪರಿಣಮಿಸಿದೆ. ಒಂದು ಕಾಲದಲ್ಲಿ ಅಮೆರಿಕಕ್ಕೆ ಹೋದವನು ಊರಿನ ಪತ್ರಿಕೆಯನ್ನು ಕಾಣಬೇಕಾದರೆ ಯಾರಾದರೂ ಬರುವವರ ಪೆಟ್ಟಿಗೆಯನ್ನು ಕಾಯಬೇಕಾಗಿತ್ತು, 1996ರಲ್ಲಿ ಯು. ಬಿ. ಪವನಜ ಅವರು 'ವಿಶ್ವಕನ್ನಡ'ವನ್ನು ಆರಂಭಿಸಿ ಜಾಲದಲ್ಲಿ ಕನ್ನಡ ಅಕ್ಷರಗಳನ್ನು ತೋರಿಸಿದ ಮೇಲೆ ಬಾಗಿಲು ತೆರೆಯಿತು. ಈಗ ಬೆಂಗಳೂರಿನಲ್ಲಿ ಮುಂಜಾನೆ 5 ಗಂಟೆಗೆ ಸಿದ್ಧವಾಗಿರುವ ಇ-ಪೇಪರನ್ನು ನ್ಯೂಯಾರ್ಕಿನ ಕನ್ನಡಿಗ ತನ್ನ ಗಡಿಯಾರದ ಹಿಂದಿನ ದಿನದ ಸಂಜೆ, ಊಟಕ್ಕೆ ಕೂರುವ ಮೊದಲೇ, ನಮ್ಮಲ್ಲಿ ಇನ್ನೂ ಯಾರೂ ಎದ್ದಿರದ ಹೊತ್ತಿನಲ್ಲಿ, ಓದುತ್ತಿರುತ್ತಾನೆ. ಕಣ್ಣು ಮಂಜಾದವರು ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು. ಅಂಧರು ವಾರ್ತೆಯನ್ನು ಓದಿಸಿ ಕೇಳಬಹುದು. ಇವು ಅಲ್ಪ ಉಪಕಾರಗಳಲ್ಲ.

ಪತ್ರಿಕೆಗಳ ದೋಷಗಳನ್ನು ಮರೆಮಾಚಿ ಅವುಗಳ ಪರವಾಗಿ ಮಾತನಾಡುವುದೂ ಸಲ್ಲದು. ಹಳ್ಳಿಗಳಿಗೆ ಹೋಗುವ ಪ್ರತಿಗಳು ಮೊದಲು ಅಚ್ಚಾಗಬೇಕಾದ್ದರಿಂದ, ರಾತ್ರಿ ಮುಗಿದ ಕ್ರಿಕೆಟ್ ಪಂದ್ಯದ ಫಲಿತಾಂಶ ನಗರದ ಪ್ರತಿಯಲ್ಲಿರುತ್ತದೆ, ದೂರದ ಹೋಬಳಿಯ ಪ್ರತಿಯಲ್ಲಿ ಪತ್ರಿಕೆ ಅಚ್ಚಿಗೆ ಹೋಗುವ ವೇಳೆಗೆ ಇದ್ದ ಸ್ಕೋರು ಮಾತ್ರ ಇರುತ್ತದೆ. ಅದೇ ಬೆಲೆಯನ್ನು ಕೊಟ್ಟವನಿಗೆ ಹಳೆಯ ಸುದ್ದಿ. ಅದಕ್ಕಿಂತ ಗುರುತರವಾದದ್ದು ಹಣದ ದೋಷ. 2009ರ ಚುನಾವಣೆಗಳ ಕಾಲದಲ್ಲಿ ಅಭ್ಯರ್ಥಿಗಳಿಂದ ಹಣ ಪಡೆದು ಪ್ರಚಾರವನ್ನು ಸುದ್ದಿಯ ವೇಷದಲ್ಲಿ ಅಚ್ಚುಹಾಕಿದ 'ಕಾಸಿಗಾಗಿ ಸುದ್ದಿ'ಯ ಪ್ರಕರಣಗಳು ಬಯಲಿಗೆ ಬಂದು, ಭಾರತೀಯ ಪತ್ರಿಕಾ ಮಂಡಳಿ ಅದರ ವಿಚಾರಣೆಗೆ ಉಪಸಮಿತಿಯನ್ನೇ ನೇಮಿಸಬೇಕಾಯಿತು. ಮುಖಪುಟವನ್ನೇ ಜಾಹೀರಾತಿಗೆ ಮಾರಿ, ಸುದ್ದಿಯನ್ನು ಒಳಗಣ ಪುಟಕ್ಕೆ ತಳ್ಳುವುದು ಈಗ ವಾರದಲ್ಲಿ ಹಲವು ದಿನ ಕಾಣುವ ದೃಶ್ಯ. ಹೆಸರು ಹಾಕಿ ಹೊಣೆ ಹೊತ್ತವರು ಹೀಗೆ ಮಾಡಿದಾಗ ಓದುಗನಿಗೆ ಆಗುವ ನೋವು, ಹೆಸರಿಲ್ಲದವನ ಸುಳ್ಳಿನಿಂದ ಆಗುವುದಕ್ಕಿಂತ ಹೆಚ್ಚಿನದು, ಆಗಬೇಕಾದದ್ದೂ ಹೌದು.

ಈ ದೋಷಗಳ ಮೂಲವನ್ನು ಹುಡುಕಿದರೆ ಬಹುಪಾಲು ಬೆಲೆಯ ಪ್ರಶ್ನೆಗೆ ಬಂದು ನಿಲ್ಲುತ್ತೇವೆ. ನಾವು ಕೊಡುವ ಕೆಲವು ರೂಪಾಯಿಗಳಲ್ಲಿ ಆ ಪ್ರತಿಯ ಕಾಗದದ ವೆಚ್ಚವೂ ಮಸಿಯ ವೆಚ್ಚವೂ ಸಾಗಣೆಯ ವೆಚ್ಚವೂ ಪೂರ್ಣವಾಗಿ ಹುಟ್ಟುವುದಿಲ್ಲ. ಏಜೆಂಟನ ಕಮಿಷನ್ನೂ ಮುಂಜಾನೆ 4 ಗಂಟೆಗೆ ಪುಟ್‌ಪಾತಿನ ಮೇಲೆ ಕುಳಿತು ಪುರವಣಿಗಳನ್ನು ಸೇರಿಸಿ ಸೈಕಲ್ಲಿನಲ್ಲಿ ಮನೆಮನೆಗೆ ಹಾಕುವ ಹುಡುಗನ ಕೂಲಿಯೂ ಅದರಲ್ಲಿಯೇ ಹೊರಡಬೇಕು. 1936ರಲ್ಲಿ ಸ್ಥಾಪಿತವಾಗಿ, ಅನಂತರದ ದಶಕಗಳಲ್ಲಿ ವೃತ್ತಪತ್ರಿಕೆಗಳ ಕಾಗದವನ್ನೂ ತಯಾರಿಸಿಕೊಟ್ಟ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ನಿಂತುಹೋಗಿ ವರ್ಷಗಳು ಕಳೆದಿವೆ. ಕಾಗದದ ದೊಡ್ಡ ಪಾಲು ಹೊರದೇಶಗಳಿಂದ ಬರಬೇಕಾಗಿರುವುದರಿಂದ, 2022ರಲ್ಲಿ ರಷ್ಯಾ ಮತ್ತು ಉಕ್ರೇನುಗಳ ನಡುವೆ ಯುದ್ಧ ಹತ್ತಿಕೊಂಡಾಗ ಅದರ ಬಿಸಿ ನಮ್ಮ ಪತ್ರಿಕೆಗಳಿಗೂ ತಟ್ಟಿತು. ಕೊರತೆಯನ್ನು ತುಂಬಿಕೊಡುವವನು ಜಾಹೀರಾತುದಾರ, ಅವರಲ್ಲಿ ದೊಡ್ಡವನು ಸರ್ಕಾರ. ಜಾಲತಾಣದ ಸ್ಥಿತಿ ಇನ್ನೂ ಸೂಕ್ಷ್ಮ: ಅಲ್ಲಿ ಬಹುಪಾಲು ಓದುಗರು ಒಂದು ಪೈಸೆಯನ್ನೂ ಕೊಡದಿರುವುದರಿಂದ ಆದಾಯದ ಹೆಚ್ಚಿನ ಪಾಲು ಎಷ್ಟು ಬೆರಳುಗಳು ಒತ್ತಿದವೆಂಬುದರ ಮೇಲೆ ನಿಂತು, ವಿಷಯವನ್ನು ಹೇಳದೆ ಕುತೂಹಲವನ್ನು ಮಾತ್ರ ಕೆರಳಿಸುವ ತಲೆಬರಹಗಳು ಹುಟ್ಟಿಕೊಂಡಿವೆ. ಜಿಲ್ಲಾ ಪಂಚಾಯಿತಿಯ ಸಭೆಯಲ್ಲಿ ನಾಲ್ಕು ಗಂಟೆ ಕುಳಿತು ಲೆಕ್ಕಪತ್ರಗಳನ್ನು ಕೇಳಿ ಬರೆದ ವರದಿಗೆ ಬೀಳುವ ಒತ್ತುಗಳೆಷ್ಟು, ನಟನ ಮನೆಯ ಜಗಳಕ್ಕೆ ಬೀಳುವ ಒತ್ತುಗಳೆಷ್ಟು? ಈ ಗಣಿತದಲ್ಲಿ ಮೊದಲು ಕೆಲಸ ಕಳೆದುಕೊಳ್ಳುವವನು ಆ ಸಭೆಗೆ ಹೋಗುತ್ತಿದ್ದ ವರದಿಗಾರ. ಮಡಿಕೇರಿಯ 'ಶಕ್ತಿ', ಮೈಸೂರಿನ 'ಆಂದೋಲನ', ದಾವಣಗೆರೆಯ 'ಜನತಾವಾಣಿ'ಯಂಥ ಪ್ರಾದೇಶಿಕ ಪತ್ರಿಕೆಗಳು ಬರೆಯುವ ಊರಿನ ಚರಂಡಿಯ, ಆಸ್ಪತ್ರೆಯ, ಕಾಡಾನೆಯ ಸುದ್ದಿಯನ್ನು ರಾಜಧಾನಿಯಲ್ಲಿ ಕುಳಿತ ಯಾವ ತಾಣವೂ ಬರೆಯಲಾರದು. ಆದುದರಿಂದ ಯಾವುದನ್ನೇ ಆರಿಸಿರಿ, ಅದಕ್ಕೆ ಹಣ ಕೊಟ್ಟು ಓದಿರಿ ಎಂಬುದು ನನ್ನ ಬಿನ್ನಹ. ಕಾಗದಕ್ಕಾದರೆ ಕಾಗದಕ್ಕೆ, ಜಾಲತಾಣಕ್ಕಾದರೆ ಅದರ ಚಂದಾಕ್ಕೆ.

ಆಯ್ಕೆಯ ವಿಷಯದಲ್ಲಿ ಎಲ್ಲರಿಗೂ ಒಪ್ಪುವ ಸೂತ್ರವಿಲ್ಲ. ಆದರೂ ಕೇಳಿದವರಿಗೆ ಹೀಗೆ ಹೇಳುತ್ತೇನೆ. ಇಂದೇ ಏನಾದರೂ ಮಾಡಬೇಕಾದ ಸುದ್ದಿಗೆ — ಮಳೆ, ಹೊಳೆ, ಧಾರಣೆ, ರೈಲು, ಶಾಲೆಯ ರಜೆ, ಪರೀಕ್ಷೆಯ ಫಲಿತಾಂಶ — ಮೊಬೈಲನ್ನು ಬಳಸಿರಿ. ಅದೂ ಜಿಲ್ಲಾಡಳಿತ, ಹವಾಮಾನ ಇಲಾಖೆ, ಹೆಸರುಳ್ಳ ಪತ್ರಿಕೆ ಮುಂತಾದ ಮೂಲಸ್ಥಾನಗಳಿಂದ ಬಂದದ್ದನ್ನು. ಇಂದು ಏನನ್ನೂ ಮಾಡಬೇಕಾಗಿಲ್ಲದ, ಆದರೆ ಪ್ರಜೆಯಾಗಿ ಅರಿತಿರಬೇಕಾದ ಸುದ್ದಿಯನ್ನು — ಶಾಸನಸಭೆ, ನ್ಯಾಯಾಲಯದ ತೀರ್ಪು, ನದೀವಿವಾದ, ಬೆಲೆಯೇರಿಕೆ — ಮರುದಿನದ ಪತ್ರಿಕೆಯವರೆಗೆ ತಡೆದು ಓದುವುದರಲ್ಲಿ ನಷ್ಟವೇನೂ ಇಲ್ಲ, ಲಾಭವೇ ಹೆಚ್ಚು; ಮೊದಲ ಗಂಟೆಯ ಗೊಂದಲಗಳು ಅಷ್ಟರಲ್ಲಿ ತಿಳಿಯಾಗಿರುತ್ತವೆ. ಪತ್ರಿಕೆಗೆ ಕೊನೆಯ ಪುಟವೊಂದಿದೆ. ಅಲ್ಲಿಗೆ ಬಂದಾಗ ಅಂದಿನ ಓದು ಮುಗಿಯಿತು, ಮನಸ್ಸು ಬೇರೆ ಕೆಲಸಕ್ಕೆ ತೆರಳಬಹುದು. ಮೊಬೈಲಿಗೆ ಆ ಕೊನೆ ಇಲ್ಲ, ಅದನ್ನು ನಾವೇ ಗೊತ್ತುಮಾಡಿಕೊಳ್ಳಬೇಕು: ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡುವುದೆಂದು ನಿಯಮ ಹಾಕಿಕೊಂಡು, ನಿಮಿಷಕ್ಕೊಮ್ಮೆ ಟಿಣ್ ಎನ್ನುವ ನೋಟಿಫಿಕೇಶನ್ನುಗಳನ್ನು ನಿಲ್ಲಿಸಿಬಿಟ್ಟವರು ಯಾವ ಮಹತ್ವದ ಸುದ್ದಿಯನ್ನೂ ಕಳೆದುಕೊಂಡದ್ದನ್ನು ನಾನು ಕಂಡಿಲ್ಲ. ಮನೆಯಲ್ಲಿ ಓದುವ ವಯಸ್ಸಿನ ಮಕ್ಕಳಿದ್ದರೆ, ಕಾಗದದ ಪತ್ರಿಕೆಯೊಂದು ಮನೆಗೆ ಬರಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಮೇಜಿನ ಮೇಲೆ ಬಿದ್ದಿರುವ ಪತ್ರಿಕೆಯನ್ನು ಮಗು ಆಟದ ಪುಟಕ್ಕಾಗಿ ಎತ್ತಿಕೊಳ್ಳುತ್ತದೆ, ಪುಟ ತಿರುಗಿಸುವಾಗ ತಾನು ಹುಡುಕದಿದ್ದ ಏನೋ ಒಂದು ಅದರ ಕಣ್ಣಿಗೆ ಬೀಳುತ್ತದೆ. ಮೊಬೈಲಿನೊಳಗೆ ತಂದೆ ಏನು ಓದುತ್ತಿದ್ದಾನೆಂಬುದು ಮಗುವಿಗೆ ಕಾಣುವುದೇ ಇಲ್ಲ. ನಮ್ಮ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಯ ತರುವಾಯ ಒಬ್ಬ ವಿದ್ಯಾರ್ಥಿ ಮುಂದೆ ನಿಂತು ಅಂದಿನ ಪತ್ರಿಕೆಯ ಮುಖ್ಯಾಂಶಗಳನ್ನು ಗಟ್ಟಿಯಾಗಿ ಓದುವ ಪದ್ಧತಿ ಇದೆ. ಕನ್ನಡವನ್ನು ಎಡವದೆ ಓದುವುದನ್ನು ಅಲ್ಲಿ ಕಲಿತವರು ಅನೇಕರು.

ಮನೆಗೆ ಪತ್ರಿಕೆ ತರಿಸುವ ಅನುಕೂಲವಿಲ್ಲದವರ ಮಾತೊಂದು ಉಳಿದಿದೆ. ರಾಜ್ಯದ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಿಗೆ ಈಗ 'ಅರಿವು ಕೇಂದ್ರ' ಎಂದು ಹೆಸರಿಟ್ಟು, ಅನೇಕ ಕಡೆ ಕಂಪ್ಯೂಟರುಗಳನ್ನೂ ಇಂಟರ್ನೆಟ್ಟನ್ನೂ ಒದಗಿಸಿದ್ದಾರೆ. ಬಹಳ ಒಳ್ಳೆಯ ಕೆಲಸ. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧವಾಗುತ್ತಿರುವ ಹಳ್ಳಿಯ ಯುವಕ ಯುವತಿಯರು ಅಲ್ಲಿಗೆ ಬಂದು ಮೊದಲು ಕೇಳುವುದು ಅಂದಿನ ಪತ್ರಿಕೆಗಳನ್ನು. ಕಂಪ್ಯೂಟರು ಬಂದಿತೆಂಬ ಕಾರಣಕ್ಕೆ ಪತ್ರಿಕೆಗಳ ಸಂಖ್ಯೆಯನ್ನು ಕಡಮೆಮಾಡದೆ, ಒಂದಕ್ಕಿಂತ ಹೆಚ್ಚು ಪತ್ರಿಕೆಗಳನ್ನು, ಅವುಗಳಲ್ಲಿ ಆ ಜಿಲ್ಲೆಯದೇ ಆದ ಒಂದನ್ನೂ ಸೇರಿಸಿ, ತರಿಸಬೇಕೆಂದು ಪಂಚಾಯಿತಿಯ ಸದಸ್ಯರನ್ನು ಓದುಗರು ಒತ್ತಾಯಿಸಬೇಕು. ಹಳೆಯ ಸಂಚಿಕೆಗಳನ್ನು ವಾರಕ್ಕೇ ರದ್ದಿಗೆ ಹಾಕದೆ ಕೆಲವು ತಿಂಗಳಾದರೂ ಕಟ್ಟಿ ಇಡಬೇಕೆಂದೂ ಕೇಳಬೇಕು. ಜಾಲತಾಣದಲ್ಲಿ ನಿನ್ನೆ ಇದ್ದ ವಾಕ್ಯ ಇಂದು ಸದ್ದಿಲ್ಲದೆ ಬದಲಾಗಿರಬಹುದು. ಅಚ್ಚಾದ ಪ್ರತಿಯಲ್ಲಿ ತಪ್ಪು ತಪ್ಪಾಗಿಯೇ ಉಳಿದು, ಮರುದಿನದ ತಿದ್ದುಪಡಿಯೂ ಅದರ ಪಕ್ಕದಲ್ಲಿ ಉಳಿಯುತ್ತದೆ. ಪಂಚಾಯಿತಿಯ ಮುಂದಿನ ವರ್ಷದ ಆಯವ್ಯಯದ ಸಭೆಯಲ್ಲಿ ಈ ಖರ್ಚಿಗೊಂದು ಸಾಲನ್ನು ಸೇರಿಸುವುದು ಅಷ್ಟೇನೂ ಕಷ್ಟದ ಕೆಲಸವಲ್ಲ.